ಬಾಂಗಿನ ನಂತರದ ನಡಿಗೆ

ಆ ದಿನ ಬೆಳಗಿನಿಂದ ಮಾಡಿದ್ದಿಷ್ಟು: ಹೆಸರುಕಾಳು ನೆನೆಹಾಕಿದ್ದು, ಮಗಳ ಯೂನಿಫಾರ್ಮಿಗೆ ಇಸ್ತ್ರಿ, ಏಸಿಯ ಜಾಲರಿ ಬಿಚ್ಚಿ ಧೂಳು ತೊಳೆದದ್ದು, ಗ್ಯಾಸಿನವನಿಗೆ ಫೋನು, ಬಾಲ್ಕನಿಯ ತುಳಸಿಗೆ ನೀರು, ಊರಿಂದ ತಂದಿದ್ದ ಜೋಳದ ಹಿಟ್ಟಿಗೆ ಜರಡಿ ಹಿಡಿದದ್ದು. ಕೈ ಕೆಲಸ ಮಾಡುತ್ತಿದ್ದರೂ ಕಿವಿ ಬಾಗಿಲ ಕಡೆಗೇ ಇತ್ತು. ನಮ್ಮವರು ರಕ್ತಪರೀಕ್ಷೆಯ ರಿಪೋರ್ಟು ಹಿಡಿದು ಡಾಕ್ಟರ ಬಳಿ ಹೋಗಿದ್ದರು. ಈ ಸಲವೂ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇದೇ ರೋಗದಿಂದ ಭಾವನವರ ಕಾಲಿನ ಬೆರಳು ತೆಗೆದದ್ದನ್ನು ನಮ್ಮವರು ಕಣ್ಣಾರೆ ಕಂಡವರು. ಸೂಜಿ ಬಂತೆಂದರೆ ತಾವೂ ಅದೇ ದಾರಿ ಹಿಡಿದಂತೆ ಎಂಬ ಹೆದರಿಕೆ ಅವರ ಎದೆಯಲ್ಲಿ ಕೂತಿತ್ತು. ರಾತ್ರಿ ನನಗೂ ನಿದ್ದೆ ಹತ್ತುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ನಂತರದ ಮೊದಮೊದಲ ವರ್ಷಗಳವು, ಆಗ ನಾವು ಒಮಾನಿನಲ್ಲಿದ್ದೆವು. ನಮ್ಮ ಫ್ಲ್ಯಾಟು ಅಲ್ ಖೌದ್‌ನಲ್ಲಿ, ಅವರ ಆಫೀಸು ವಾದಿ ಅದಾಯ್‌ನ ಒಂದು ಶೋರೂಮಿನಲ್ಲಿ. ಸಕ್ಕರೆ ಕಾಯಿಲೆ ಎಂದು ತಿಳಿದಾಗ ಮನೆಗೆ ಟ್ರೆಡ್‌ಮಿಲ್ ಬಂತು. ಕೆಲವೇ ವಾರಗಳಲ್ಲಿ ಅದರ ಮೇಲೆ ಟವೆಲ್ಲುಗಳು ಒಣಗತೊಡಗಿದವು. ಅಲಾರಾಂ ಹೊಡೆದರೆ ನಾನು ಏಳುತ್ತಿದ್ದೆ, ಅವರು ಏಳುತ್ತಿರಲಿಲ್ಲ.

"ಅಪ್ಪಾ, ಜಸ್ಟ್ ವಾಕ್ ಔಟ್‌ಸೈಡ್, ಇಟ್ಸ್ ಫ್ರೀ" ಎಂದಳು ಮಗಳು.

ಹಾಗೆ ಸಂಜೆಯ ನಡಿಗೆ ಶುರುವಾಯಿತು. ದಿನ ತಪ್ಪಿಸಲಿಲ್ಲ. ನಾನೂ ಅನ್ನ ಬಿಡಿಸಿ ರೊಟ್ಟಿಗೆ ಹಚ್ಚಿದೆ. ಆದರೆ ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಏರಿಯೇ ಇತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಒಂದು ಸಂಜೆ ಚಪ್ಪಲಿ ಮೆಟ್ಟಿ ನಾನೂ ಜೊತೆಗೆ ಹೊರಟೆ.

"ನೀ ಯಾಕ ಬರ್ತಿ? ಮನ್ಯಾಗ ಕೆಲಸ ಇಲ್ಲೇನು?" ಎಂದರು.

"ಇರಲಿ ನಡೀರಿ. ನಿಮ್ಮ ವಾಕಿಂಗ್ ಹೆಂಗಿರ್ತದ ನೋಡೂಣು."

ರಸ್ತೆ ತಿರುಗಿದಲ್ಲೇ ಒಬ್ಬ ಒಮಾನಿ ಅಜ್ಜ ತಮ್ಮ ಗೇಟಿನ ಮುಂದೆ ಚಾಪೆ ಹಾಸಿ ಕೂತಿದ್ದರು. ನಮ್ಮನ್ನು ಕಂಡದ್ದೇ ಕೈಬೀಸಿ ಕರೆದರು. ಅವರ ಮನೆಯಾಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ತಟ್ಟೆಯ ತುಂಬ ಖರ್ಜೂರ, ಪಕ್ಕದಲ್ಲಿ ತುಪ್ಪ ಹೊಳೆಯುವ ಹಲ್ವ. ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ಕಹಿ ಕಾಫಿ ಸುರಿದರು. ನಮ್ಮವರು ಕುಡಿದಿಟ್ಟರು. ಅಜ್ಜ ಮತ್ತೆ ಸುರಿದರು. ಕಹಿಗೆ ಒಂದು ಖರ್ಜೂರ. ಮತ್ತೆ ಬಟ್ಟಲು ಬರಿದು, ಮತ್ತೆ ಕಾಫಿ, ಮತ್ತೆ ಖರ್ಜೂರ. ವಾಕಿಂಗ್ ಅಲ್ಲಿಗೇ ಮುಗಿಯುತ್ತಿತ್ತು.

"ಏನ್ರೀ ಇದು?" ಎಂದೆ, ನಗು ಬಾರದಂತೆ ನೋಡಿಕೊಂಡು.

"ಹಿರ್ಯಾರು ಕೊಟ್ಟದ್ದು ಬಟ್ಟಲದಾಗ ಉಳಸಬಾರದಲ್ಲಾ? ನಾ ಮುಗಸ್ತೀನಿ, ಅವ್ರು ಹಾಕ್ತಾರ. ನಾ ಏನ ಮಾಡ್ಲಿ?"

ನಾನು ಅವರ ಕಡೆ ತೋರಿಸಿ, ನನ್ನ ಹರಕು ಹಿಂದಿಯಲ್ಲಿ "ಇನ್ಕೋ ಶುಗರ್ ಹೈ" ಎಂದೆ. ಅಜ್ಜ ಫ್ಲಾಸ್ಕನ್ನು ಕೆಳಗಿಟ್ಟರು. ಹೆಂಡತಿಯ ಮುಖ ನೋಡಿದರು. ಆಕೆ ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೇ ನಕ್ಕರು. ಅಜ್ಜನಿಗೂ ಅದೇ ಕಾಯಿಲೆ! ಅತಿಥಿ ಒಬ್ಬನೇ ತಿನ್ನಬಾರದೆಂದು ಅಜ್ಜನೂ ದಿನಾ ತಿನ್ನುತ್ತಿದ್ದರಂತೆ. ಈ ‘ಹಿಂದಿ’ಗೆ, ಅಂದರೆ ಇಂಡಿಯಾದವನಿಗೆ, ಕಾಫಿ ಎಂದರೆ ಎಷ್ಟು ಪ್ರೀತಿ ಎಂದು ಮನೆಯವರೆಲ್ಲ ಬೆರಗಾಗಿದ್ದರಂತೆ.

ಆಕೆ ಖಾಲಿ ಬಟ್ಟಲನ್ನು ಬೆರಳ ತುದಿಯಲ್ಲಿ ಹಿಡಿದು ಅತ್ತಿತ್ತ ಅಲುಗಿಸಿ ತೋರಿಸಿದರು. ಸಾಕು ಎನ್ನಲು ಇಲ್ಲಿ ಹಾಗೆ ಮಾಡಬೇಕು. ಸುಮ್ಮನೆ ಕೆಳಗಿಟ್ಟರೆ ಇನ್ನೂ ಬೇಕೆಂದು ಅರ್ಥ. ನಮ್ಮವರು ಆ ಒಂದು ಅಲುಗಾಟ ಗೊತ್ತಿಲ್ಲದೆ ತಿಂಗಳುಗಟ್ಟಲೆ ಸಕ್ಕರೆ ಏರಿಸಿಕೊಂಡಿದ್ದರು.

"ಕಲ್ ಸೇ, ಪೆಹಲೇ ಚಲೋ, ಬಾದ್ ಮೇ ಕಾಫಿ" ಎಂದರು ಅಜ್ಜ. "ಮಗ್ರಿಬ್ ಕೇ ಬಾದ್. ಯಲ್ಲಾ, ಖಲಾಸ್."

ಮಗ್ರಿಬ್ ಎಂದರೆ ಮುಸ್ಸಂಜೆಯ ನಮಾಜು; ಮೊದಲು ನಡಿಗೆ, ಆಮೇಲೆ ಕಾಫಿ. ಬಾಂಗು ಕೂಗಿ, ಅಜ್ಜ ನಮಾಜು ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವ ಹೊತ್ತಿಗೆ ನಮ್ಮವರು ಅಲ್ಲಿರಬೇಕು. ಬಾಂಗು ಗಡಿಯಾರದ ಮಾತು ಕೇಳುವುದಿಲ್ಲ. ಚಳಿಗಾಲದಲ್ಲಿ ಬೇಗ ಬರುತ್ತದೆ, ಬೇಸಿಗೆಯಲ್ಲಿ ತಡ. ಸೂರ್ಯನ ಜೊತೆ ಸರಿಯುವ ಆ ಹೊತ್ತನ್ನು ಅಜ್ಜ ಜೀವಮಾನವಿಡೀ ಒಂದು ದಿನವೂ ಬಿಟ್ಟವರಲ್ಲ, ಬಿಡದೆ ಇದ್ದೇನೆಂಬ ಹೆಮ್ಮೆಯೂ ಅವರಿಗಿರಲಿಲ್ಲ. ನಮ್ಮವರ ನಡಿಗೆ ಆ ದೊಡ್ಡ ಅಭ್ಯಾಸದ ಅಂಚು ಹಿಡಿದುಕೊಂಡು ಹೊರಟಿತು. ಬಾಲ್ಕನಿಯಿಂದ ನೋಡುತ್ತಿದ್ದೆ. ಬೋಳು ಗುಡ್ಡಗಳ ಮೇಲೆ ಬೆಳಕು ಆರುತ್ತಿರುವಾಗ ಒಂದು ಬಿಳಿ ನಿಲುವಂಗಿ, ಒಂದು ಚೌಕಡಿ ಅಂಗಿ, ಒಣಗಿದ ಹಳ್ಳದ ಪಕ್ಕದ ರಸ್ತೆಯಲ್ಲಿ ಚಿಕ್ಕದಾಗುತ್ತ ಹೋಗುತ್ತಿದ್ದವು. ಧೂಳಿನ ದಿನ, ಸೆಕೆಯ ದಿನ, ನಮ್ಮವರಿಗೆ ಬೇಸರದ ದಿನ, ಎಲ್ಲ ದಿನವೂ. ನೋಡುತ್ತಾ ನನ್ನ ರೋಮ ನಿಮಿರುತ್ತಿತ್ತು. ಇಷ್ಟು ಸಣ್ಣದೊಂದು ಕೆಲಸಕ್ಕೆ ಇಷ್ಟು ಬಲ ಎಲ್ಲಿಂದ ಬರುತ್ತದೆ ಎಂದು ಇವತ್ತಿಗೂ ನನಗೆ ಹೇಳಲಾಗದು.

ರಿಪೋರ್ಟಿನ ದಿನ ಮಧ್ಯಾಹ್ನ ಅವರು ಬಂದವರೇ ಸೋಫಾದಲ್ಲಿ ಕೂತರು. ನಾನು ನೀರಿನ ಲೋಟ ತಂದಿಟ್ಟೆ.

"ಸೂಜಿ ಬ್ಯಾಡ ಅಂದ್ರು" ಎಂದರು ನಿಧಾನಕ್ಕೆ. "ಹಿಂಗ ನಡೀರಿ ಅಂದ್ರು."

ಇವತ್ತೊಂದಿನ ವಿಶ್ರಾಂತಿ ತೊಗೊಳ್ರಿ ಎಂದೆ. ಹ್ಞೂಂ ಎಂದು ಅಲ್ಲೇ ಒರಗಿಕೊಂಡರು. ಹೊತ್ತು ಮುಳುಗಿ ಬಾಂಗು ಕೇಳಿದ್ದೇ, ಮಾತಿನ ನಡುವೆ ಎದ್ದು ಬೂಟು ಹುಡುಕತೊಡಗಿದರು. ಎದ್ದದ್ದು ಅವರಿಗೇ ಗೊತ್ತಾದಂತಿರಲಿಲ್ಲ. ನಾನು ಹಿಟ್ಟಿನ ಕೈಯಲ್ಲಿ ಹಾಗೇ ನಿಂತುಬಿಟ್ಟೆ.

ರಾತ್ರಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೌತೆಕಾಯಿ, ಮಜ್ಜಿಗೆ. ಮಗಳು ಇನ್ನೂ ಓದುತ್ತಿದ್ದಳು, ಅವರು ಟೀವಿಯ ಮುಂದಿದ್ದರು. ಎಷ್ಟೋ ತಿಂಗಳ ಮೇಲೆ, ಆ ದಿನ ಮೊದಲು ನಿದ್ದೆ ಹೋದವಳು ನಾನು.