ಸ್ಟೇಡ್ ಪದದ ಎರಡನೇ ಸಾಕ್ಷಿ

ಪವಾಡ, ಗಿವಾಡ ಎಂದು ಯಾರಾದರೂ ಶುರು ಮಾಡಿದರೆ ಕಿಸಕ್ಕನೆ ನಗುತ್ತಿದ್ದವಳು ನಾನು. "ನೀವೇ ಕಣ್ಣಾರೆ ಕಂಡಿರಾ?" ಎಂದು ಅಡ್ಡಪ್ರಶ್ನೆ ಹಾಕಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ನೀವು ನನ್ನನ್ನೂ ಹಾಗೇ ಕೇಳಬಹುದು. ಕಣ್ಣಾರೆ ಕಂಡೆ, ಅಷ್ಟೇ ಹೇಳಬಲ್ಲೆ.

ಆರು ವರ್ಷದ ಹಿಂದೆ ಜರ್ಮನಿಯ ಆಖೆನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಅಲ್ಲಿ ನನಗೆ ಪರಿಚಯವಿದ್ದ ಕನ್ನಡದವರೆಲ್ಲ ಎಂಜಿನಿಯರುಗಳು. ನಾನೊಬ್ಬಳು ಮಾತ್ರ ನಡುಗಾಲದ ಇಂಗ್ಲಿಷಿನ 'ಸ್ಟೇಡ್' ಎಂಬ ಒಂದೇ ಪದದ ಬೆನ್ನು ಹತ್ತಿದ್ದೆ. ನಿಂತ ಜಾಗ, ಹೊಲಮನೆ, ಊರು, ಪದವಿ, ಇನ್ನೊಬ್ಬರ ಬದಲಿಗೆ ನಿಲ್ಲುವುದು, ಎಲ್ಲಕ್ಕೂ ಅದೇ ಪದ. ಕಷ್ಟಕಾಲದ ಆಸರೆಗೂ ಅದೇ. ನಮ್ಮ 'ನೆಲೆ'ಯ ಹಾಗಿದ್ದ ಈ ಕೊನೆಯ ಅರ್ಥದ ಮೇಲೆ ನನಗೆ ಜೀವ.

ನಾನು ಆರಿಸಿಕೊಂಡ ಸೀಮೆಯ ಬರಹಗಳಲ್ಲಿ ಆ ಅರ್ಥಕ್ಕೆ ಸಿಕ್ಕಿದ್ದು ಒಂದೇ ವಾಕ್ಯ. ನನ್ನ ಗೈಡ್ ಆಗಿದ್ದ ಪ್ರೊಫೆಸರ್ ಎರಡು ಸಾಕ್ಷಿ ಬೇಕೇ ಬೇಕೆಂದರು. ಇಲ್ಲದಿದ್ದರೆ ಕೊನೆಯ ಅಧ್ಯಾಯವನ್ನೇ ಕಿತ್ತುಹಾಕಬೇಕು. ಶುಕ್ರವಾರ ಪ್ರಬಂಧ ಸಲ್ಲಿಸದಿದ್ದರೆ ವಿದ್ಯಾರ್ಥಿವೇತನವೂ ಇಲ್ಲ, ವೀಸಾವೂ ಇಲ್ಲ.

"ಎಂತ ಮಾರಾಯ್ತಿ, ಒಂದು ಸೆಂಟೆನ್ಸಿಗೆ ಇಷ್ಟು ತಲೆಬಿಸಿಯಾ? ಬಿಟ್ಟುಬಿಡು" ಎಂದಳು ನನ್ನ ಜೊತೆ ಮನೆ ಹಂಚಿಕೊಂಡಿದ್ದ ಉಡುಪಿಯ ಪ್ರಮೀಳಾ. ಬಿಡುವ ಜಾಯಮಾನ ನನ್ನದಲ್ಲ.

ಮಂಗಳವಾರ ಮಧ್ಯಾಹ್ನ ವಿಭಾಗದ ಓದುಕೋಣೆಯಲ್ಲಿ ಕೂತೆ. ಹಿಂದಿನ ತಲೆಮಾರಿನವರು ಹಳೆಯ ವಾಕ್ಯಗಳನ್ನು ಕಾರ್ಡುಗಳಲ್ಲಿ ಬರೆದಿಟ್ಟ ಮರದ ಪೆಟ್ಟಿಗೆ ಅಲ್ಲಿತ್ತು. ಅದನ್ನು ಆಗಲೇ ಮೂರು ಸಲ ಜಾಲಾಡಿದ್ದೆ. ನಾಲ್ಕನೆಯ ಸಲ, ಮುಂಚೆ ಕಾಣದಿದ್ದ ಒಂದು ಕಾರ್ಡು ಕೈಗೆ ಬಂತು. ನೀಲಿ ಶಾಯಿ, ಬಲಕ್ಕೆ ವಾಲಿದ ಅಕ್ಷರ. ಪುಸ್ತಕದ ಹೆಸರು, ಪುಟ ೨೧೨, ಏಳನೇ ಸಾಲು. ಫೋನು ಬ್ಯಾಗಿನ ಜೊತೆ ಲಾಕರಿನಲ್ಲಿತ್ತು. ಅಂಗೈ ಮೇಲೆ ಎಲ್ಲ ಗೀಚಿಕೊಂಡು, ಕಾರ್ಡನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದೆ.

ಗ್ರಂಥಪಾಲಕಿ ಫ್ರಾವ್ ಲೆಂಟ್ಸ್ ನೆಲಮಾಳಿಗೆಯಿಂದ ಪುಸ್ತಕ ತಂದರು. ತೆರೆದರೆ ಪುಟಗಳ ಅಂಚೇ ಬಿಡಿಸಿರಲಿಲ್ಲ. ಹಿಂದೆಲ್ಲ ಮಡಿಚಿದ ಹಾಳೆಗಳನ್ನು ಓದುವವರೇ ಕತ್ತರಿಸಿಕೊಳ್ಳಬೇಕಿತ್ತು. ಅಚ್ಚಾದಾಗಿನಿಂದ ಆ ಪುಟವನ್ನು ಈ ಪ್ರತಿಯಲ್ಲಿ ಯಾರೂ ಓದಿಯೇ ಇಲ್ಲ. ಅವರು ಚಾಕುವಿನಿಂದ ನಿಧಾನವಾಗಿ ಕತ್ತರಿಸಿಕೊಟ್ಟರು. ಏಳನೇ ಸಾಲಿನಲ್ಲಿ, ತನಗೆ ನೆರೆಯವಳೇ ಆಸರೆಯಾದಳೆಂದು ವಿಧವೆಯೊಬ್ಬಳು ಹೇಳಿದ್ದಳು. ಅದೇ ಪದ, ಅದೇ ಅರ್ಥ. ಖುಷಿಗೆ ಫ್ರಾವ್ ಲೆಂಟ್ಸರನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಪಾಪ, ಅವರು ಕಂಬದಂತೆ ನಿಂತುಬಿಟ್ಟರು.

ಮೇಲೆ ಬಂದು ನೋಡಿದರೆ ಕಾರ್ಡು ಇಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸಂಜೆಯವರೆಗೆ ಒಂದೊಂದೇ ಕಾರ್ಡು ತಿರುವಿದೆ, ಮೇಜಿನಡಿ ತೆವಳಿದೆ. ಇನ್ಯಾವುದೋ ಗ್ರಂಥಾಲಯದ ಪ್ರತಿ ಓದಿ ಯಾರೋ ಬರೆದಿಟ್ಟಿರಬೇಕು ಎಂದರು ಫ್ರಾವ್ ಲೆಂಟ್ಸ್. ಇರಬಹುದು. ಆದರೆ ಕಾರ್ಡು ಎಲ್ಲಿ ಹೋಯಿತು?

ಎರಡೇ ದಿನದಲ್ಲಿ ಅಧ್ಯಾಯ ಮುಗಿಸಿದೆ. ಶುಕ್ರವಾರ ಪ್ರಬಂಧದ ಕೊನೆಯ ಹಾಳೆ ಮುಂದಿತ್ತು. ಹೆಸರಿಸಿದವರ ಹೊರತು ಇನ್ನಾರ ನೆರವನ್ನೂ ಪಡೆದಿಲ್ಲವೆಂದು ಅಲ್ಲಿ ಪ್ರತಿಯೊಬ್ಬರೂ ಪ್ರಮಾಣಪೂರ್ವಕ ಸಹಿ ಹಾಕಬೇಕು. ಪೆನ್ನು ಹಿಡಿದವಳು ಹಾಗೇ ಕೂತೆ. ಯಾರ ಹೆಸರು ಬರೆಯಲಿ?

"ಸೈನ್ ಹಾಕು ಮಾರಾಯ್ತಿ, ಆಫೀಸ್ ಕ್ಲೋಸ್ ಆಗ್ತದೆ" ಎಂದಳು ಪ್ರಮೀಳಾ.

ಹಾಕಿದೆ. ಪದವಿ ಬಂತು, ಇದೇ ದೇಶದಲ್ಲಿ ಕೆಲಸವೂ ಸಿಕ್ಕಿತು. ಅವತ್ತು ನಾನು ಹಾಕಿದ್ದು ಸುಳ್ಳು ಸಹಿಯೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ.