ಎಗ್ಮೋರ್ ಸುತ್ತಿಗೆ, ಮೇಕಪ್ ವ್ಯಾನು

ವಿಷ್ಣುತೀರ್ಥರು ಎಗ್ಮೋರ್ ಸ್ಟೇಷನ್ನಿನ ಯಾರ್ಡಿನಲ್ಲಿ ಮೂವತ್ತಾರು ವರ್ಷ ರೈಲು ಗಾಲಿಗಳಿಗೆ ಸುತ್ತಿಗೆಯಲ್ಲಿ ಹೊಡೆದರು. ಸಿಟ್ಟಿಗಲ್ಲ, ಸಂಬಳಕ್ಕೆ. ಅವರದು ಟ್ರೈನ್ ಎಕ್ಸಾಮಿನರ್ ಕೆಲಸ. ರೈಲು ಹೊರಡುವ ಮೊದಲು ಪ್ರತಿ ಬೋಗಿಯ ಪ್ರತಿ ಗಾಲಿಗೂ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದು ಏಟು ಹಾಕಿ, ಕಿವಿಗೊಟ್ಟು ಕೇಳಬೇಕು. ಗಟ್ಟಿ ಗಾಲಿ ಟಿಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ ಎನ್ನುತ್ತದೆ. ಟಿಣ್ ಎಂದರೆ ಸೀಮೆಸುಣ್ಣದಲ್ಲಿ ‘ಫಿಟ್’ ಎಂದು ಬರೆಯುವುದು, ಬೊದ್ ಎಂದರೆ ‘ಸಿಕ್’ ಎಂದು ಬರೆದು ಬೋಗಿಯನ್ನು ಪಕ್ಕದ ಹಳಿಗೆ ತಳ್ಳಿಸುವುದು. ರೈಲ್ವೆಯಲ್ಲಿ ಬೋಗಿಗೂ ಕಾಯಿಲೆ ರಜೆ ಉಂಟು. ಇಪ್ಪತ್ತನಾಲ್ಕನೇ ವಯಸ್ಸಿಗೆ ನಂಜನಗೂಡಿನಿಂದ ಮದರಾಸಿಗೆ ಬಂದ ವಿಷ್ಣುತೀರ್ಥರು ಹೀಗೆ ಲಕ್ಷಾಂತರ ಜನರನ್ನು ಕ್ಷೇಮವಾಗಿ ಊರು ಮುಟ್ಟಿಸಿದರು. ತಾವು ಮಾತ್ರ, ಒಂದು ಅರ್ಧ ಪ್ರಯಾಣ ಬಿಟ್ಟರೆ, ಪ್ಲಾಟ್‌ಫಾರಂನಿಂದ ಕದಲಲಿಲ್ಲ.

ಅದಕ್ಕೆ ಕಾರಣ ಅವರ ಹೆಂಡತಿ ರಮಾಬಾಯಿ. ಸರಿಯಾಗಿ ಹೇಳಬೇಕೆಂದರೆ, ಒಂದು ಒಣಗಿದ ನಲ್ಲಿ. ಮದುವೆಯಾದ ಹೊಸತರಲ್ಲಿ ರಮಾಬಾಯಿ, “ಈ ಮದರಾಸಿನ ಸಮುದ್ರದಲ್ಲಿ ಸೂರ್ಯ ಹುಟ್ಟೋದಷ್ಟೇ ಕಾಣತ್ತೆ. ನೀರಲ್ಲಿ ಮುಳುಗೋದನ್ನ ನಾ ನೋಡೇ ಇಲ್ಲ” ಎಂದಿದ್ದರು. ಗಂಡ ಹಿಗ್ಗಿನಿಂದ ರೈಲ್ವೆ ಪಾಸು ತೆಗೆದು ಹೆಂಡತಿಯನ್ನು ಕರೆದುಕೊಂಡು ಕನ್ಯಾಕುಮಾರಿಗೆ ಹೊರಟರು. ತಿರುನೆಲ್ವೇಲಿಯವರೆಗೆ ರೈಲು, ಆಮೇಲೆ ಬಸ್ಸು. ವಿಳುಪ್ಪುರಂ ದಾಟುವಷ್ಟರಲ್ಲಿ ಬೋಗಿಯ ನೀರು ಖಾಲಿಯಾಯಿತು. ಕಕ್ಕಸಿನ ಸ್ಥಿತಿಯನ್ನು ಇಲ್ಲಿ ವರ್ಣಿಸುವುದು ಬೇಡ. ರಮಾಬಾಯಿ ತುಟಿ ಕಚ್ಚಿಕೊಂಡು ತಿರುಚ್ಚಿಯವರೆಗೆ ಬಂದರು, ಇಳಿದರು, ಗಂಡನನ್ನೂ ಎಳೆದುಕೊಂಡು ಎದುರಿಂದ ಬಂದ ರೈಲು ಹತ್ತಿ ವಾಪಸು ಮನೆಗೆ ಬಂದುಬಿಟ್ಟರು. ಆ ಬೋಗಿಗೆ ‘ಫಿಟ್’ ಎಂದು ಬರೆದವರು ಸಾಕ್ಷಾತ್ ಅವರ ಗಂಡನೇ! “ಗಾಲಿ ನಂದು ಕಣೇ, ನೀರು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ” ಎಂದು ವಿಷ್ಣುತೀರ್ಥರು ಸಮಜಾಯಿಷಿ ಕೊಟ್ಟರು. ಕೊಡಬಾರದಿತ್ತು. ರಮಾಬಾಯಿ ಆ ಮಾತನ್ನು ಇಪ್ಪತ್ತೈದು ವರ್ಷ ಜೋಪಾನ ಮಾಡಿಟ್ಟುಕೊಂಡು, ಗಂಡ ಪಾಸಿನ ಸುದ್ದಿ ಎತ್ತಿದಾಗಲೆಲ್ಲ ಹೊರತೆಗೆದರು. ವರ್ಷವರ್ಷದ ಪಾಸುಗಳು ಹಾಗೆಯೇ ವ್ಯರ್ಥವಾದವು.

ವಿಷ್ಣುತೀರ್ಥರಿಗೆ ಒಂದು ಗುಟ್ಟೂ ಇತ್ತು. ಐವತ್ತೆಂಟು ದಾಟಿದ ಮೇಲೆ ಅವರ ಕಿವಿ ಮಂದವಾಗತೊಡಗಿತ್ತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಕಾಲಿಂಗ್ ಬೆಲ್ಲು. ಬೆಲ್ಲನ್ನು ಅವರು ಎರಡು ಸಲ ಬದಲಾಯಿಸಿ, ಈಗಿನ ಮಾಲೇ ಸರಿಯಿಲ್ಲ ಎಂದು ಅಂಗಡಿಯವನನ್ನು ಬೈದು ಬಂದರು. ಕೊನೆಕೊನೆಗೆ ಟಿಣ್‌ಗೂ ಬೊದ್‌ಗೂ ವ್ಯತ್ಯಾಸ ತಿಳಿಯದಾದಾಗ ಯಾರ್ಡಿನಲ್ಲಿ ಅವರ ಮಾನ ಉಳಿಸಿದವನು ಐತ, ಮಂಗಳೂರು ಕಡೆಯ ಹಳೆಯ ಖಲಾಸಿ. ವಿಷ್ಣುತೀರ್ಥರು ಗಾಲಿಗೆ ಹೊಡೆದು ಐತನ ಮುಖ ನೋಡುತ್ತಿದ್ದರು. ಹುಬ್ಬು ಇದ್ದಲ್ಲೇ ಇದ್ದರೆ ಫಿಟ್, ಮೇಲೇರಿದರೆ ಸಿಕ್. ಈ ಏರ್ಪಾಟಿನ ಬಗ್ಗೆ ಇಬ್ಬರೂ ಒಂದು ದಿನವೂ ಬಾಯಿ ಬಿಟ್ಟು ಮಾತಾಡಲಿಲ್ಲ. ಬೀಳ್ಕೊಡುಗೆಯ ದಿನ ಐತ ಅದೇ ಸುತ್ತಿಗೆಯನ್ನು ಪೇಪರಿನಲ್ಲಿ ಸುತ್ತಿ ಅವರ ಕೈಗಿಟ್ಟ. ರೈಲ್ವೆಯ ಸುತ್ತಿಗೆ ಗೇಟು ದಾಟಿ ಹೇಗೆ ಬಂತೆಂದು ಯಾರೂ ಕೇಳಬಾರದು.

ಮನೆಯಲ್ಲಿ ಅವರು ಈ ವಿಷಯ ಹೇಳಲಿಲ್ಲ. ಕಿವಿಯೊಂದನ್ನೇ ಬಂಡವಾಳ ಮಾಡಿಕೊಂಡು ಬದುಕಿದವರು ಅವರು. ಅದೂ ಹೋಯಿತೆಂದು ಹೆಂಡತಿಗೆ ಗೊತ್ತಾದರೆ ತಮ್ಮಲ್ಲಿ ಉಳಿಯುವುದಾದರೂ ಏನು ಎಂಬ ಭಯ. ಏನು ಹೇಳಿದರೂ ಹೂಂಗುಟ್ಟಿ, ನಕ್ಕು, ಹೇಗೋ ನಿಭಾಯಿಸುತ್ತಿದ್ದರು.

ನಿವೃತ್ತಿಯಾಗಿ ಆರು ತಿಂಗಳಿಗೆ, ಎರಡು ಸಾವಿರದ ಎರಡರ ಡಿಸೆಂಬರಿನಲ್ಲಿ, ಮಗಳು ತುಂಗಾ ಸುದ್ದಿ ತಂದಳು. ಅವಳ ಆಫೀಸು ಪೆರುಂಗುಡಿಯಲ್ಲಿ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವವಳು. “ಅಪ್ಪಾ, ಎಂಗ ಆಫೀಸ್ ಪಕ್ಕತ್ತಿಲೆ ಒರು ವ್ಯಾನ್ ಸೇಲುಕ್ಕು ಇರುಕ್ಕು. ಉಳ್ಳೆ ಕಿಚನ್, ಬಾತ್‌ರೂಮ್ ಎಲ್ಲಾಂ ಇರುಕ್ಕು!” ಆಫೀಸಿನ ಪಕ್ಕ ಮಾರಾಟಕ್ಕಿದ್ದದ್ದು ಸಿನಿಮಾದವರು ಶೂಟಿಂಗಿಗೆ ಒಯ್ಯುತ್ತಿದ್ದ ಹಳೆಯ ಮೇಕಪ್ ವ್ಯಾನು, ಒಳಗೆ ಅಡುಗೆಮನೆ, ಬಾತ್‌ರೂಮು ಎಲ್ಲ ಇತ್ತಂತೆ. ಈಗ ನಟರಿಗೆ ಇನ್ನೂ ದೊಡ್ಡದು ಬೇಕಂತೆ, ಇದನ್ನು ಕೇಳುವವರಿಲ್ಲ, ಹಳೆಯ ಅಂಬಾಸಿಡರ್ ಕಾರಿನ ಬೆಲೆಗೆ ಸಿಗುತ್ತದಂತೆ.

ವಿಷ್ಣುತೀರ್ಥರಿಗೆ ಮಿಕ್ಕದ್ದೇನೂ ತಲೆಗೆ ಹೋಗಲಿಲ್ಲ. ಗಾಲಿಯ ಮೇಲೆ ಬಾತ್‌ರೂಮು! ನೀರಿನ ಟ್ಯಾಂಕು! ಇಪ್ಪತ್ತೈದು ವರ್ಷದ ಸಾಲವೊಂದನ್ನು ತೀರಿಸುವ ದಾರಿ ಕಂಡಂತಾಯಿತು. ಕನ್ಯಾಕುಮಾರಿಯಲ್ಲಿ ಸೂರ್ಯ ಸಮುದ್ರಕ್ಕೇ ಇಳಿಯುವುದು ಈ ಚಳಿಗಾಲದ ತಿಂಗಳುಗಳಲ್ಲಿ. ಡ್ರೈವಿಂಗ್ ಅವರು ಮೊದಲೇ ಕಲಿತಿದ್ದರು. ಇನ್ನು ಹೆಂಡತಿ ಹೂಂ ಅನ್ನಬೇಕಷ್ಟೆ.

ರಮಾಬಾಯಿ ಉಹೂಂ ಅಂದರು. “ನಾ ನೋಡಕ್ಕೆ ಬರ್ತೀನಿ, ಅಷ್ಟೇ. ನೋಡಿ, ಬೇಡ ಅಂತ ಹೇಳಿ ಬರ್ತೀನಿ” ಎಂದು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು, ಸೆರಗು ಬಿಗಿದು ಹೊರಟರು.

ಪೆರುಂಗುಡಿಯ ಆ ಬಯಲಿನಲ್ಲಿ ಒಂದು ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಇನ್ನೊಂದು ಕಡೆ ಎಮ್ಮೆಗಳು ಮಲಗಿದ್ದವು. ನಡುವೆ ಬೇವಿನ ಮರದ ಕೆಳಗೆ ವ್ಯಾನು ನಿಂತಿತ್ತು. ಬಿಳಿ ಬಣ್ಣ ಹೊಸದಾಗಿ ಬಳಿದದ್ದು. ಹೊಸ ಬಣ್ಣ ಕಂಡರೆ ಯಾರ್ಡಿನವರಿಗೆ ಖುಷಿಯಾಗುವುದಿಲ್ಲ, ಅನುಮಾನ ಬರುತ್ತದೆ. ಮಾಲೀಕ ದುರೈಕಣ್ಣು, ಶೂಟಿಂಗುಗಳಿಗೆ ಗಾಡಿ ಬಾಡಿಗೆಗೆ ಬಿಡುವ ದಪ್ಪ ಮನುಷ್ಯ, ಬನ್ನಿ ಬನ್ನಿ ಎಂದು ಎರಡು ಕೈಯೂ ಚಾಚಿ ಬಂದ. “ವಾಂಗೊ ಸಾರ್, ವಾಂಗೊ ಅಮ್ಮಾ! ವಂಡಿ ಸೂಪರ್ ಕಂಡಿಷನ್!”

ವಿಷ್ಣುತೀರ್ಥರು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು.

“ನಾವು ಬರೋ ಮುಂಚೆ ಯಾಕೆ ಸ್ಟಾರ್ಟ್ ಮಾಡಿದ್ದೆ?” ಎಂದು ತಮಿಳಿನಲ್ಲೇ ಕೇಳಿದರು.

ದುರೈಕಣ್ಣು ಹಲ್ಲು ಕಿರಿದ. ತಣ್ಣಗಿರುವಾಗ ಹೊತ್ತಿಕೊಳ್ಳಲು ಸತಾಯಿಸುವ ಇಂಜಿನ್ನನ್ನು ಗಿರಾಕಿ ಬರುವ ಮೊದಲೇ ಬಿಸಿ ಮಾಡಿಡುವುದು ಹಳೆಯ ಆಟ. “ಆರಲಿ, ಆಮೇಲೆ ನೋಡೋಣ” ಎಂದ ವಿಷ್ಣುತೀರ್ಥರು ಟಯರಿನ ಸವೆತ ನೋಡಿದರು, ಬಾಗಿಲಿನ ಕೆಳಗಂಚನ್ನು ಉಗುರಿನಲ್ಲಿ ಕೆರೆದರು, ಇಂಜಿನ್ನಿನ ಎಣ್ಣೆಕಡ್ಡಿ ಎಳೆದು ಮೂಸಿದರು. ಅವರ ಮುಖದಲ್ಲಿ ಹತ್ತು ವರ್ಷ ವಯಸ್ಸು ಇಳಿದಿತ್ತು.

ಅಷ್ಟರಲ್ಲಿ ರಮಾಬಾಯಿ ಒಳಗೆ ಹತ್ತಿದ್ದರು. ಒಂದು ಮಂಚ, ಗ್ಯಾಸ್ ಒಲೆ ಇಡುವ ಕಟ್ಟೆ, ಮೂಲೆಯಲ್ಲಿ ಪುಟ್ಟ ಬಾತ್‌ರೂಮು, ಎದುರಿಗೆ ಸುತ್ತಲೂ ಬಲ್ಬುಗಳಿರುವ ಆಳೆತ್ತರದ ಕನ್ನಡಿ. ದುರೈಕಣ್ಣು ಸ್ವಿಚ್ಚು ಒತ್ತಿದ. ಹನ್ನೆರಡರಲ್ಲಿ ಏಳು ಬಲ್ಬು ಹೊತ್ತಿದವು. “ದೊಡ್ಡದೊಡ್ಡ ಹೀರೋಯಿನ್ನುಗಳೆಲ್ಲ ಇಲ್ಲೇ ಕೂರ್ತಿದ್ರು ಅಮ್ಮಾ” ಎಂದ. ರಮಾಬಾಯಿ ಕನ್ನಡಿಯಲ್ಲಿ ಒಂದು ಗಳಿಗೆ ತಮ್ಮನ್ನು ನೋಡಿಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕುಂಕುಮ ಸರಿ ಮಾಡಿಕೊಂಡರು. ಆಮೇಲೆ ಬಾತ್‌ರೂಮಿನ ನಲ್ಲಿ ತಿರುಗಿಸಿದರು. ಸುಯ್ ಎಂದು ಗಾಳಿ ಬಂತು.

“ನೀರು?”

“ಟ್ಯಾಂಕ್ ಖಾಲಿ ಅಮ್ಮಾ, ಅಷ್ಟೇ.”

“ಹಾಗಾದ್ರೆ ತುಂಬಿಸಪ್ಪಾ. ನಾ ಕೂತಿರ್ತೀನಿ.” ದುರೈಕಣ್ಣು ಬಕೆಟ್ಟು ಹಿಡಿದು ಬೋರ್‌ವೆಲ್ಲಿನ ಕಡೆ ಹೋಗಬೇಕಾಯಿತು.

ಹೊರಗೆ ವಿಷ್ಣುತೀರ್ಥರು ಕೈಚೀಲದಿಂದ ಸುತ್ತಿಗೆ ತೆಗೆದು, ಗೋಣಿಚೀಲ ಹಾಸಿ, ವ್ಯಾನಿನ ಕೆಳಗೆ ತೂರಿದ್ದರು. ಕೆಳಗೆಲ್ಲ ಕಪ್ಪು ಡಾಂಬರು ಬಳಿದಿತ್ತು. ಡಾಂಬರಿನ ಹಿಂದೆ ಏನಿದೆಯೆಂದು ಕಣ್ಣು ಹೇಳಲಾರದು, ಸುತ್ತಿಗೆ ಹೇಳುತ್ತದೆ. ಮುಂದಿನ ಎಡ ಸ್ಪ್ರಿಂಗ್ ಪಟ್ಟಿಗೆ ಹೊಡೆದರು. ಬಲದ್ದಕ್ಕೆ ಹೊಡೆದರು. ಚಾಸಿಯ ಉದ್ದಕ್ಕೂ ಹೊಡೆಯುತ್ತ ಹಿಂದಕ್ಕೆ ಸರಿದರು. ಎಲ್ಲ ಏಟಿಗೂ ಒಂದೇ ಉತ್ತರ: ಹತ್ತಿಯ ಮೂಟೆಗೆ ಹೊಡೆದ ಹಾಗೆ. ಅವರು ಇನ್ನೂ ಜೋರಾಗಿ ಹೊಡೆದರು. ಏನೂ ಕೇಳುತ್ತಿರಲಿಲ್ಲ. ಈ ವ್ಯಾನು ಗಟ್ಟಿಯೋ ಕೊಳೆತದ್ದೋ, ನೂರಾರು ಮೈಲಿ ಹೆಂಡತಿಯನ್ನು ಕೂರಿಸಿಕೊಂಡು ಹೋಗಬಹುದೋ ಬಾರದೋ, ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಸುಮ್ಮನೆ ‘ಫಿಟ್’ ಎಂದುಬಿಡಬಹುದಿತ್ತು. ಹಾಗೆ ಅಂದುಬಿಡುವ ಆಸೆ ಜೋರಾಗಿಯೇ ಇತ್ತು. ಹಿಂದಿನ ಎಡ ಸ್ಪ್ರಿಂಗಿಗೆ ಹೊಡೆದವರು, ಹಳೆಯ ಅಭ್ಯಾಸದಿಂದ ಐತನ ಮುಖ ಹುಡುಕುತ್ತ ಪಕ್ಕಕ್ಕೆ ತಿರುಗಿದರು.

ಗಾಲಿಯ ಪಕ್ಕದಲ್ಲಿ, ವ್ಯಾನಿನಿಂದ ಇಳಿದು ಬಂದ ರಮಾಬಾಯಿ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡುತ್ತಿದ್ದರು. ಅವರ ಹುಬ್ಬು ಮೇಲೇರಿತ್ತು.

“ಏನೇ?” ಎಂದರು ವಿಷ್ಣುತೀರ್ಥರು.

“ಇದು ಬೊದ್ ಅಂತು.” ರಮಾಬಾಯಿ ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. “ಆಚೆ ಕಡೇದು ಟಿಣ್ ಅಂದಿತ್ತು. ಸಂತೇಲಿ ಮಡಕೆ ತಟ್ಟಿ ನೋಡಿ ತರೋಳು ನಾನು, ನಂಗೆ ತಿಳಿಯಲ್ವೇನ್ರೀ?”

“ನಂಗೂ ಕೇಳಿಸ್ತು.”

“ಕೇಳಿಸ್ತಾ?”

ವ್ಯಾನಿನ ಕೆಳಗೆ ಅಂಗಾತ ಮಲಗಿ ಸುಳ್ಳು ಹೇಳುವುದು ಕಷ್ಟ. ವಿಷ್ಣುತೀರ್ಥರು ಸುತ್ತಿಗೆಯನ್ನು ಎದೆಯ ಮೇಲಿಟ್ಟುಕೊಂಡರು. “ಇಲ್ಲ” ಎಂದರು. “ಎರಡು ವರ್ಷ ಆಯ್ತು ರಮಾ, ಸರಿಯಾಗಿ ಕೇಳ್ತಿಲ್ಲ.”

“ಗೊತ್ತು. ಎರಡು ವರ್ಷದಿಂದ ನಾನು ಕೂಗಿ ಕೂಗಿ ಮಾತಾಡ್ತಿರೋದು ಯಾಕೆ ಅಂದ್ಕೊಂಡ್ರಿ? ಬೀದಿಯೋರೆಲ್ಲ ನನ್ನ ಜಗಳಗಂಟಿ ಅಂತಿದಾರೆ.”

ವಿಷ್ಣುತೀರ್ಥರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಗುರವಾಯಿತು. ಎರಡು ವರ್ಷ ಹೊತ್ತ ಹೊರೆಯನ್ನು ಯಾರೋ ಇಳಿಸಿಕೊಂಡಂತೆ ಅಲ್ಲೇ ಗೋಣಿಚೀಲದ ಮೇಲೆ ನಕ್ಕುಬಿಟ್ಟರು.

“ನಗೋದು ಸಾಕು, ಹೊಡೀರಿ” ಎಂದರು ರಮಾಬಾಯಿ.

ಅವರು ಹೊಡೆದರು, ಇವರು ಕೇಳಿದರು. ಮುಂದಿನಿಂದ ಮತ್ತೆ ಶುರು ಮಾಡಿ, ಬಲಗಡೆ ಮುಗಿಸಿ, ಎಡಕ್ಕೆ ಬಂದರು. ಹಿಂದಿನ ಎಡ ಸ್ಪ್ರಿಂಗಿನಲ್ಲಿ ಡಾಂಬರು ಕೆರೆದು ನೋಡಿದರೆ ಕೂದಲೆಳೆಯ ಬಿರುಕು. ಬಾತ್‌ರೂಮಿನ ಕೆಳಗಿನ ಅಡ್ಡ ಕಂಬಿಯೂ ಬೊದ್ ಎಂದಿತು. ಹೊಡೆದ ಎರಡನೇ ಏಟಿಗೆ ಸುತ್ತಿಗೆಯ ಮೂತಿ ಒಳಗೇ ಹೋಯಿತು. ತುಕ್ಕು ತಿಂದ ತೂತಿಗೆ ಬಟ್ಟೆ ತುರುಕಿ ಡಾಂಬರು ಮೆತ್ತಿದ್ದರು. ಬಕೆಟ್ಟು ಹಿಡಿದು ಬಂದ ದುರೈಕಣ್ಣುವಿಗೆ ವಿಷ್ಣುತೀರ್ಥರು ಆ ಬಟ್ಟೆಯನ್ನು ಎಳೆದು ತೋರಿಸಿದರು. ಯಾವುದೋ ಹೀರೋಯಿನ್ನಿನ ಮಿರುಗುವ ದುಪಟ್ಟಾದ ತುಂಡು ಅದು.

“ಅಯ್ಯಯ್ಯೋ, ಎನಕ್ಕು ತೆರಿಯಾದು ಸಾರ್!” ಎಂದ ದುರೈಕಣ್ಣು, ತನಗೇನೂ ಗೊತ್ತೇ ಇಲ್ಲವೆಂದು ತಲೆಯ ಮೇಲೆ ಕೈಯಿಟ್ಟು.

ಇಷ್ಟಾದ ಮೇಲೆ ಹೆಂಡತಿ ಬೇಡ ಎಂದು ಹೇಳಿ ಹೊರಡುವುದು ಖಂಡಿತ ಎಂದುಕೊಂಡ ವಿಷ್ಣುತೀರ್ಥರು ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಸೀಮೆಸುಣ್ಣ ತೆಗೆದು, ಹೊಸ ಬಿಳಿ ಬಣ್ಣದ ಮೇಲೆ ಕಾಣದೆಂದು ಗಾಲಿಯ ಕಪ್ಪು ಟಯರಿನ ಮೇಲೆ ‘ಸಿಕ್’ ಎಂದು ಬರೆದರು. ರಮಾಬಾಯಿ ಹೊರಡಲಿಲ್ಲ. ಒಳಗೆ ಹೋಗಿ ನಲ್ಲಿ ಬಿಟ್ಟರು, ಈ ಸಲ ನೀರು ಬಂತು. ಕಾಫಿ ಬಗ್ಗಿಸಿಕೊಂಡು ಅರ್ಧ ಗಂಟೆ ಕೂತು, ಟ್ಯಾಂಕಿನ ಕೆಳಗೆ ತಾವೇ ಹಾಸಿದ ಪೇಪರು ಒದ್ದೆಯಾಗಿದೆಯೇ ಎಂದು ನೋಡಿದರು. ಆಗಿರಲಿಲ್ಲ. ಆರಿದ ಇಂಜಿನ್ನನ್ನು ಗಂಡನಿಂದ ಚಾಲೂ ಮಾಡಿಸಿದರು. ನಾಲ್ಕನೇ ಸಲಕ್ಕೆ ಕೆಮ್ಮುತ್ತ ಎದ್ದಿತು. ಆಮೇಲೆ ದುರೈಕಣ್ಣುವನ್ನು ಕರೆದು ತಮಿಳಿನಲ್ಲಿ ಪಟ್ಟಿ ಒಪ್ಪಿಸಿದರು: ಹೊಸ ಸ್ಪ್ರಿಂಗು, ಕಂಬಿಗೆ ವೆಲ್ಡಿಂಗು, ಹೊಸ ಬ್ಯಾಟರಿ, ಐದು ಬಲ್ಬು. ಎಲ್ಲ ಅವನದೇ ಖರ್ಚು. ವಾರ ಬಿಟ್ಟು ಬಂದು ಮತ್ತೆ ಹೊಡೆದು ನೋಡುವುದಾಗಿಯೂ ಹೇಳಿದರು.

“ಕನ್ಯಾಕುಮಾರಿಗೆ ಬರಲ್ಲ ಅಂದಿದ್ದೆಯಲ್ಲ ನೀನು?” ಎಂದು ಬಸ್‌ಸ್ಟಾಪಿನಲ್ಲಿ ವಿಷ್ಣುತೀರ್ಥರು ಕೇಳಿದರು.

“ನಾ ಬರದೆ ಇದ್ರೆ ದಾರೀಲಿ ಯಾವುದು ಬೊದ್ ಅಂತು, ಯಾವುದು ಟಿಣ್ ಅಂತು ಅಂತ ನಿಮಗ್ಯಾರು ಹೇಳ್ತಾರೆ? ಒಬ್ಬರನ್ನೇ ಕಳಿಸಕ್ಕಾಗತ್ತಾ? ನಾಳೆ ಕಿವಿ ಡಾಕ್ಟರ ಹತ್ರ ಹೋಗ್ಬೇಕು, ಅದಕ್ಕೆ ಮೊದ್ಲು ಹೂಂ ಅನ್ನಿ.”

ವಿಷ್ಣುತೀರ್ಥರು ಹೂಂ ಅಂದರು. ಈ ಸಲ ಕೇಳಿಸಿಕೊಂಡೇ ಅಂದರು.

ವಾರದ ಮೇಲೆ ಇಬ್ಬರೂ ಮತ್ತೆ ಹೊಡೆದು ಕೇಳಿದರು. ಎಲ್ಲ ಕಡೆಯೂ ಟಿಣ್. ವಿಷ್ಣುತೀರ್ಥರು ಟಯರಿನ ಬರಹ ಒರೆಸಿ ಸೀಮೆಸುಣ್ಣವನ್ನು ಹೆಂಡತಿಯ ಕೈಗೆ ಕೊಟ್ಟರು. ಕೇಳಿದವರು ಬರೆಯಬೇಕು, ಅದು ಯಾರ್ಡಿನ ನಿಯಮ. ರಮಾಬಾಯಿ ಕನ್ನಡದಲ್ಲಿ ದುಂಡಗೆ ‘ಫಿಟ್’ ಎಂದು ಬರೆದು, ಕೆಳಗೆ ಒಂದು ಗೆರೆ ಎಳೆದರು.

ಜನವರಿಯಲ್ಲಿ ಹೊರಟರು. ವಿಳುಪ್ಪುರಂ ಬಂದಾಗ ರಮಾಬಾಯಿ ವ್ಯಾನು ನಿಲ್ಲಿಸಿ, ಬೇಕಿಲ್ಲದಿದ್ದರೂ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿ ಬಂದರು. ತಿರುಚ್ಚಿಯಲ್ಲಿ ಇಳಿಯಲಿಲ್ಲ. ಮೂರನೇ ದಿನ ಸಂಜೆ ಕನ್ಯಾಕುಮಾರಿಯ ಬಂಡೆಗಳ ಮೇಲೆ, ನೂರಾರು ಯಾತ್ರಿಕರ ನಡುವೆ, ಇಬ್ಬರೂ ಒಂದು ಟವೆಲ್ಲು ಹಾಸಿಕೊಂಡು ಕೂತರು. ಗಾಳಿ ಭರ್ರೆನ್ನುತ್ತಿದ್ದುದರಿಂದ ವಿಷ್ಣುತೀರ್ಥರು ಕಿವಿಯ ಮೆಷಿನ್ನನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ಸೂರ್ಯ ಕೆಂಪಗೆ ಉಬ್ಬಿ, ನೀರನ್ನು ಮುಟ್ಟಿ, ಅರ್ಧವಾಗಿ, ಎಳೆಯಾಗಿ, ಇಲ್ಲವಾದ. ರಮಾಬಾಯಿ ಸಮುದ್ರದಿಂದ ಕಣ್ಣು ತೆಗೆಯದೆ ಏನೋ ಹೇಳಿದರು.

ಎಂದಿನಂತೆ ಹೂಂ ಎಂಬುದು ವಿಷ್ಣುತೀರ್ಥರ ಬಾಯಿಗೆ ಬಂತು. ಅವರು ತಡೆದುಕೊಂಡರು. ಹೆಂಡತಿಯ ಕಡೆ ಬಾಗಿ ಕಿವಿಗೆ ಕೈ ಅಡ್ಡ ಹಿಡಿದು, “ಏನಂದೆ ರಮಾ? ನಂಗೆ ಕೇಳಿಸ್ಲಿಲ್ಲ” ಎಂದರು.

“ಮುಳುಗೋದೂ ಚೆನ್ನಾಗೇ ಇದೆ ಅಂದೆ!” ರಮಾಬಾಯಿ ಕೂಗಿ ಹೇಳಿದರು. ಸುತ್ತ ಕೂತ ಯಾತ್ರಿಕರೆಲ್ಲ ತಿರುಗಿ ನೋಡಿದರು.