ಹಾರನ್ನಿಗೆ ಹಸಿರು, ಲೈಟಿಗೆ ಹಳದಿ

ಇವತ್ತು ಬೀರೂರಿನ ಅಪ್ಪನ ಗ್ಯಾರೇಜಿಗೆ ಕಾಲಿಟ್ಟೆ. ಹಳೇ ಜೀಪಿನ ಸುಟ್ಟ ವೈರಿನ ವಾಸನೆ, ಚಿಕ್ಕಂದಿನ ಒಂದು ದಿನ ನೆನಪಾಯಿತು.

ಆಗ ಅಪ್ಪ ಅಂಗಳದಲ್ಲೇ ಜೀಪಿಗೆ ಹೊಸ ವೈರಿಂಗ್ ಮಾಡುತ್ತಿದ್ದರು. ಸಿಕ್ಕಿದ್ದು ಬರೀ ಕಪ್ಪು ವೈರು. ಗುರುತಿಗೆ ಅಮ್ಮನ ಹೊಲಿಗೆಯ ಬಟ್ಟೆಚೂರು ಕಟ್ಟುತ್ತಿದ್ದರು: ಹಾರನ್ನಿಗೆ ಹಸಿರು, ಲೈಟಿಗೆ ಹಳದಿ. ಅವರು ಊಟಕ್ಕೆ ಎದ್ದಾಗ ನಾನು ಎರಡನ್ನೂ ಬಿಚ್ಚಿ ಗೊಂಬೆಗೆ ಸುತ್ತಿ ನೋಡಿದೆ. ಅಪ್ಪನ ಕೆಮ್ಮು ಕೇಳಿಸಿತು. ಗಾಬರಿಯಲ್ಲಿ ಅದಲುಬದಲು ಕಟ್ಟಿಬಿಟ್ಟೆ.

ಸಂಜೆ ಅಪ್ಪ ಲೈಟಿನ ಸ್ವಿಚ್ ಹಾಕಿದರೆ ಹಾರನ್ ಕಿರುಚಿಕೊಂಡಿತು.

“ನನ್ ಕಣ್ಣೇ ಮಂದ ಆಗೋಯ್ತು ಕಣೇ, ಹಸಿರು ಹಳದಿನೇ ಗೊತ್ತಾಗ್ತಿಲ್ಲ” ಎಂದು ಅಮ್ಮನಿಗೆ ಹೇಳಿ, ಮರುದಿನವೇ ಕನ್ನಡಕಕ್ಕೆ ಹೋದರು.

ಇವತ್ತು ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಕನ್ನಡಕ ತೆಗೆದು, “ಇದು ಬಂದ್ಮೇಲೆ ಒಂದ್ ವೈರೂ ತಪ್ಪಿಲ್ಲ ನೋಡು. ಒರೆಸೋಕೊಂದು ಬಟ್ಟೆಚೂರು ಕೊಡೇ” ಎಂದರು.

ಕೊಟ್ಟೆ.